ವಿಠಲಾಚಾರ್ಯ, ಬಿ.: ಮೋಹಿನಿ, ಮಾಟಗಾರ, ನಾಗಕನ್ಯೆಯರ ಚಿತ್ರಲೋಕ

ವಿಠಲಾಚಾರ್ಯ, ಬಿ. (1920–1999): ಕನ್ನಡ ಮತ್ತು ತೆಲುಗು ಚಲನಚಿತ್ರಗಳ ನಿರ್ದೇಶಕ, ನಿರ್ಮಾಪಕ. ದೆವ್ವ, ಬೇತಾಳ, ಮಂತ್ರವಾದಿ, ನಾಗಕನ್ಯೆ, ಶಾಪಗ್ರಸ್ತ ರಾಜಕುಮಾರ, ಮಾತಾಡುವ ಪ್ರಾಣಿ ಇವೆಲ್ಲ ಒಂದೇ ಕಥೆಯೊಳಗೆ ಓಡಾಡುವ ಮಾಯಾಚಿತ್ರಗಳಿಗೆ ದಕ್ಷಿಣ ಭಾರತದಲ್ಲಿ ಗಟ್ಟಿಯಾದ ರೂಪ ಕೊಟ್ಟವರು. ತೆಲುಗು ಪ್ರೇಕ್ಷಕರು ಇವರನ್ನು ‘ಜಾನಪದ ಬ್ರಹ್ಮ’ ಎಂದು ಕರೆದರು. ಹುಟ್ಟಿದ್ದು ಉಡುಪಿಯ ಬಳಿಯ ಉದ್ಯಾವರದಲ್ಲಿ, ಸಿನಿಮಾ ಕಲಿತದ್ದು ಹಾಸನ ಸೀಮೆಯ ಟೆಂಟುಗಳಲ್ಲಿ, ನಿರ್ಮಾಪಕರಾಗಿ ನಿಂತದ್ದು ಮೈಸೂರಿನಲ್ಲಿ, ಹೆಸರು ಮಾಡಿದ್ದು ಮದರಾಸಿನಲ್ಲಿ. ಇವರ ಚಿತ್ರಗಳ ಭಯಾನಕಕ್ಕೆ ಪರದೇಶದ ಕೋಟೆ, ರಕ್ತಪಿಪಾಸುಗಳು ಬೇಕಾಗಲಿಲ್ಲ. ಅಡುಗೆಮನೆ, ಬಾವಿಕಟ್ಟೆ, ಹುಣಸೆಮರ, ಹಾಳುಗುಡಿ ಇಷ್ಟೇ ಸಾಕಾಗಿತ್ತು. ಹಳ್ಳಿಯ ಜನ ರಾತ್ರಿ ಹೊತ್ತು ಹೇಳಿಕೊಳ್ಳುವ ಭಯವನ್ನೇ ತೆರೆಗೆ ತಂದದ್ದು ಇವರ ದೊಡ್ಡ ಸಾಧನೆ.

ಬಾಲ್ಯ ಮತ್ತು ಟೆಂಟಿನ ದಿನಗಳು

ವಿಠಲಾಚಾರ್ಯರು ಹುಟ್ಟಿದ್ದು 1920ರ ಜನವರಿ 28ರಂದು. ತಂದೆ ಆಯುರ್ವೇದ ವೈದ್ಯರು. ಶಾಲೆಯ ಓದಿಗಿಂತ ಬಯಲಾಟ, ಯಕ್ಷಗಾನಗಳು ಹುಡುಗನನ್ನು ಹೆಚ್ಚು ಸೆಳೆದವು. ಚಿಕ್ಕ ವಯಸ್ಸಿನಲ್ಲೇ ಮನೆ ಬಿಟ್ಟು ಅರಸೀಕೆರೆ ಸೇರಿ, ಸಿಕ್ಕ ಕೆಲಸ ಮಾಡಿ, ಮುಂದೆ ಅಲ್ಲೇ ಹೋಟೆಲು ನಡೆಸಿದರು. 1942ರ ಚಲೇಜಾವ್ ಚಳವಳಿಯಲ್ಲಿ ಸೆರೆಮನೆ ಕಂಡರು. ಹೊರಬಂದ ಮೇಲೆ ಹೋಟೆಲನ್ನು ತಮ್ಮನಿಗೆ ಒಪ್ಪಿಸಿ, ಗೆಳೆಯ ಡಿ. ಶಂಕರಸಿಂಗ್ ಮತ್ತಿತರರೊಂದಿಗೆ ಹಾಸನ ಜಿಲ್ಲೆಯಲ್ಲಿ ಟೂರಿಂಗ್ ಟಾಕೀಸ್ ಶುರುಮಾಡಿದರು. ಒಂದಿದ್ದ ಟೆಂಟು ನಾಲ್ಕಾಯಿತು. ಅವುಗಳ ಉಸ್ತುವಾರಿ ವಿಠಲಾಚಾರ್ಯರದು.

ಇವರ ಚಿತ್ರಗಳನ್ನು ತಿಳಿಯಬೇಕಾದರೆ ಈ ಟೆಂಟಿನ ಒಳಗೆ ಒಮ್ಮೆ ಕೂರಬೇಕು. ಊರ ಹೊರಗಿನ ಬಯಲಿನಲ್ಲಿ ಗೂಟ ಹೊಡೆದು ನಿಲ್ಲಿಸಿದ ಡೇರೆ. ಮುಂದೆ ನೆಲ, ಹಿಂದೆ ಬೆಂಚು, ಅದರ ಹಿಂದೆ ನಾಲ್ಕಾರು ಕುರ್ಚಿ. ಕತ್ತಲಾದ ಮೇಲೇ ಆಟ. ಧ್ವನಿವರ್ಧಕದಲ್ಲಿ ಹಾಡು ಕೇಳಿಸಿದರೆ ಸುತ್ತಲಿನ ಹಳ್ಳಿಯವರು ಗಾಡಿ ಕಟ್ಟಿಕೊಂಡೋ ನಡೆದೋ ಬರುತ್ತಿದ್ದರು. ನೆಲದಲ್ಲಿ ಕೂತ ಮಕ್ಕಳು ಮರಳು ಗುಡ್ಡೆ ಮಾಡಿಕೊಂಡು ಎತ್ತರ ಮಾಡಿಕೊಳ್ಳುತ್ತಿದ್ದವು. ರೀಲು ಬದಲಿಸುವಾಗ ದೀಪ ಹೊತ್ತಿಕೊಂಡರೆ ಇಡೀ ಟೆಂಟು ಒಟ್ಟಿಗೆ ಮಾತಿಗಿಳಿಯುತ್ತಿತ್ತು. ಎಲ್ಲಿ ಜನ ಉಸಿರು ಬಿಗಿಹಿಡಿದರು, ಎಲ್ಲಿ ಬೀಡಿ ಹಚ್ಚಿದರು, ಎಲ್ಲಿ ಎದ್ದು ಹೊರಗೆ ಹೋದರು ಎಂಬುದು ಟೆಂಟು ನಡೆಸುವವನ ಕಣ್ಣೆದುರೇ ಇರುತ್ತಿತ್ತು. ವಿಠಲಾಚಾರ್ಯರು ಬಂದ ಚಿತ್ರಗಳನ್ನೆಲ್ಲ ಇಲ್ಲಿಯೇ ನೋಡಿದರು. ಅವರಿಗೆ ಬೇರೆ ಚಿತ್ರಶಾಲೆ ಇರಲಿಲ್ಲ.

ಆಟ ಮುಗಿದ ಮೇಲೆ ಅದೇ ಜನ ಕತ್ತಲೆಯ ಹಾದಿಯಲ್ಲೇ ಊರಿಗೆ ಮರಳಬೇಕಿತ್ತು. ತೆರೆಯ ಮೇಲಿನ ಮೋಹಿನಿ ಹಾದಿಬದಿಯ ಮರದವರೆಗೂ ಜೊತೆಗೆ ಬರುತ್ತಿದ್ದಳು. ಭಯ ಟೆಂಟಿನ ಹೊರಗೂ ಕೆಲಸ ಮಾಡುತ್ತದೆ ಎಂಬ ಈ ಅರಿವು ಅವರ ಮುಂದಿನ ಚಿತ್ರಗಳಲ್ಲೆಲ್ಲ ಕಾಣುತ್ತದೆ.

ಮಹಾತ್ಮ ಪಿಕ್ಚರ್ಸ್ ಮತ್ತು ಮೈಸೂರು

ಟೆಂಟಿನ ಗೆಳೆಯರು ಮೈಸೂರಿಗೆ ಬಂದು ‘ಮಹಾತ್ಮ ಪಿಕ್ಚರ್ಸ್’ ಕಟ್ಟಿದರು. ಕನ್ನಡದಲ್ಲಿ ವರ್ಷಕ್ಕೆ ಬೆರಳೆಣಿಕೆಯಷ್ಟೇ ಚಿತ್ರಗಳು ಬರುತ್ತಿದ್ದ, ನಿರ್ಮಾಪಕರು ಮದರಾಸು, ಸೇಲಂ, ಕೊಯಮತ್ತೂರುಗಳ ಸ್ಟುಡಿಯೊಗಳಿಗೆ ಅಲೆಯುತ್ತಿದ್ದ ಕಾಲದಲ್ಲಿ ಮೈಸೂರಿನಲ್ಲೇ ನಿಂತು ಸಾಲಾಗಿ ಚಿತ್ರ ತೆಗೆಯುವ ಧೈರ್ಯ ಮಾಡಿದ ಸಂಸ್ಥೆ ಇದು.

1949ರ ಜಾನಪದ ಚಿತ್ರ ‘ನಾಗಕನ್ನಿಕಾ’ ಈ ಸಂಸ್ಥೆಗೆ ದಾರಿ ತೋರಿತು. ಅದುವರೆಗೆ ಕನ್ನಡ ಚಿತ್ರವೆಂದರೆ ಪುರಾಣ, ಭಕ್ತಿ, ಇಲ್ಲವೇ ಕಂಪನಿ ನಾಟಕದ ಕಥೆ. ಅಲ್ಲಿ ಪವಾಡ ಮಾಡುವವನು ದೇವರು. ಜಾನಪದ ಚಿತ್ರದಲ್ಲಿ ಪವಾಡ ಯಾರ ಕೈಗೂ ಬರಬಹುದು: ಹಾವಿಗೆ, ಮಾಟಗಾರನಿಗೆ, ಸೇಡು ತುಂಬಿದ ಹೆಣ್ಣಿಗೆ. 1951ರಲ್ಲಿ ಶಂಕರಸಿಂಗ್ ನಿರ್ದೇಶನದ ‘ಜಗನ್ಮೋಹಿನಿ’ ಬಂತು. ದಾವಣಗೆರೆಯಲ್ಲಿ ನೂರು ದಿನ ಓಡಿ, ಶತದಿನ ಕಂಡ ಮೊದಲ ಕನ್ನಡ ಚಿತ್ರವೆಂಬ ಹೆಸರು ಪಡೆಯಿತು. ಪ್ರತಿಮಾದೇವಿ, ಹರಿಣಿ ಇದರಲ್ಲಿ ನಟಿಸಿದ್ದರು. ಕನ್ನಡದ ಮೊದಲ ದೊಡ್ಡ ಗಲ್ಲಾಪೆಟ್ಟಿಗೆಯ ಗೆಲುವಿನ ಹೆಸರಿನಲ್ಲೇ ಒಬ್ಬ ಮೋಹಿನಿ ಇದ್ದಾಳೆ ಎಂಬುದನ್ನು ನಮ್ಮ ಚಿತ್ರಚರಿತ್ರೆ ಇನ್ನಷ್ಟು ಗಮನಿಸಬೇಕಿತ್ತು.

ವಿಠಲಾಚಾರ್ಯರು ನಿರ್ದೇಶಕರಾದದ್ದು 1952ರ ‘ಶ್ರೀ ಶ್ರೀನಿವಾಸ ಕಲ್ಯಾಣ’ದಿಂದ. ಬಳಿಕ ಮಹಾತ್ಮದಿಂದ ಬೇರೆಯಾಗಿ ‘ವಿಠಲ್ ಪ್ರೊಡಕ್ಷನ್ಸ್’ ಸ್ಥಾಪಿಸಿದರು. ‘ರಾಜ್ಯಲಕ್ಷ್ಮಿ’, ‘ಕನ್ಯಾದಾನ’, ‘ಮುತ್ತೈದೆ ಭಾಗ್ಯ’, ‘ಮನೆ ತುಂಬಿದ ಹೆಣ್ಣು’ ಈ ಅವಧಿಯ ಕನ್ನಡ ಚಿತ್ರಗಳು. ಇವುಗಳಲ್ಲಿ ಹಲವು ಸಂಸಾರದ ಕಥೆಗಳು. ಮನೆಯೊಳಗಿನ ಹೆಣ್ಣಿನ ಸಂಕಟ ಇವರಿಗೆ ಮೊದಲಿನಿಂದಲೂ ಪ್ರಿಯವಾದ ವಸ್ತುವಾಗಿತ್ತು ಎಂಬುದು ಹೆಸರುಗಳಿಂದಲೇ ತಿಳಿಯುತ್ತದೆ. ಮುಂದೆ ಬಂದ ದೆವ್ವದ ಚಿತ್ರಗಳ ಕೇಂದ್ರದಲ್ಲೂ ಇದೇ ಸಂಕಟವಿದೆ. ‘ಕನ್ಯಾದಾನ’ವನ್ನು ತೆಲುಗಿನಲ್ಲಿ ತೆಗೆಯಲು ಮದರಾಸಿಗೆ ಹೋದವರು ಅಲ್ಲೇ ನೆಲೆಸಿದರು.

ತೆಲುಗು ಜಾನಪದ ಚಿತ್ರಗಳು

1951ರಲ್ಲಿ ಕೆ.ವಿ. ರೆಡ್ಡಿಯವರ ‘ಪಾತಾಳ ಭೈರವಿ’ ತೆಲುಗು ನಾಡಿನಲ್ಲಿ ಮಾಂತ್ರಿಕ ಕಥೆಗಳಿಗೆ ದೊಡ್ಡ ಬಾಗಿಲು ತೆರೆದಿತ್ತು. ಅದು ದೊಡ್ಡ ಸ್ಟುಡಿಯೊದ, ದೊಡ್ಡ ಬಂಡವಾಳದ ಚಿತ್ರ. ವಿಠಲಾಚಾರ್ಯರು ಅದೇ ಲೋಕವನ್ನು ಕಡಿಮೆ ಖರ್ಚಿನಲ್ಲಿ, ಕಡಿಮೆ ದಿನಗಳಲ್ಲಿ, ವರ್ಷ ವರ್ಷವೂ ಕಟ್ಟಿಕೊಡುವ ದಾರಿ ಕಂಡುಕೊಂಡರು. 1960ರ ‘ಕನಕದುರ್ಗ ಪೂಜಾ ಮಹಿಮ’, 1962ರ ‘ಮದನ ಕಾಮರಾಜು ಕಥ’, 1963ರ ‘ಗುರುವುನು ಮಿಂಚಿನ ಶಿಷ್ಯುಡು’, 1964ರ ‘ನವಗ್ರಹ ಪೂಜಾ ಮಹಿಮ’, 1965ರ ‘ಜ್ವಾಲಾದ್ವೀಪ ರಹಸ್ಯಂ’ ಈ ಸಾಲಿನವು. ಕತ್ತಿವರಸೆಗೆ ಹೆಸರಾದ ಕಾಂತಾರಾವ್ ಇವರ ಚಿತ್ರಗಳ ನೆಚ್ಚಿನ ನಾಯಕ.

ಎನ್.ಟಿ. ರಾಮರಾವ್ ಅವರೊಂದಿಗೂ ಹತ್ತಕ್ಕೆ ಮಿಕ್ಕಿ ಚಿತ್ರ ಮಾಡಿದರು. ‘ಬಂದಿಪೋಟು’ (1963), ‘ಅಗ್ಗಿ ಪಿಡುಗು’ (1964), ‘ಮಂಗಮ್ಮ ಶಪಥಂ’ (1965), ‘ಪಿಡುಗು ರಾಮುಡು’ (1966), ‘ಗಂಡಿಕೋಟ ರಹಸ್ಯಂ’ (1969), ‘ಲಕ್ಷ್ಮೀ ಕಟಾಕ್ಷಂ’, ‘ಆಲಿಬಾಬಾ 40 ದೊಂಗಲು’ (ಎರಡೂ 1970) ಇವುಗಳಲ್ಲಿ ಮುಖ್ಯವಾದವು. ಇವೆಲ್ಲವೂ ಭಯಾನಕ ಚಿತ್ರಗಳಲ್ಲ. ಕೆಲವು ಬರೀ ಸಾಹಸದ ಕಥೆಗಳು, ಕೆಲವು ವ್ರತಮಹಿಮೆಯವು. ಆದರೂ ಒಂದು ನಡೆ ಬಹುಪಾಲು ಚಿತ್ರಗಳಲ್ಲಿ ಮರಳಿ ಬರುತ್ತದೆ. ನೆಮ್ಮದಿಯ ಒಂದು ಮನೆ ಅಥವಾ ಅರಮನೆಗೆ ಮೋಸ ಹೊಗುತ್ತದೆ, ಮನುಷ್ಯರು ರೂಪ ಕಳೆದುಕೊಳ್ಳುತ್ತಾರೆ, ಕೊನೆಗೆ ನಂಬಿಕೆ ಅಥವಾ ಸಾಹಸ ಅವರಿಗೆ ರೂಪವನ್ನು ಮರಳಿ ಕೊಡುತ್ತದೆ.

ರೂಪ ಬದಲಾಗುವ ಈ ಆಟದ ಬಗ್ಗೆ ಚಿತ್ರರಂಗದಲ್ಲಿ ಬಹಳ ಕಾಲದಿಂದ ಓಡಾಡುತ್ತಿರುವ ಮಾತೊಂದಿದೆ. ನಟನೊಬ್ಬ ಸಂಭಾವನೆಗೆ ಪಟ್ಟುಹಿಡಿದರೆ ವಿಠಲಾಚಾರ್ಯರು ಮಂತ್ರವಾದಿಯಿಂದ ಶಾಪ ಕೊಡಿಸಿ, ಆ ಪಾತ್ರವನ್ನು ಗಿಳಿಯನ್ನೋ ಮೇಕೆಯನ್ನೋ ಮಾಡಿ ಕಥೆ ಮುಂದುವರಿಸುತ್ತಿದ್ದರಂತೆ. ನಡೆದದ್ದು ಎಷ್ಟೋ, ಬೆಳೆದದ್ದು ಎಷ್ಟೋ. ಆದರೆ ಈ ಮಾತು ಅವರ ಕಥನದ ಬಲವನ್ನು ಸರಿಯಾಗಿ ಹಿಡಿದಿದೆ. ಅವರ ಲೋಕದಲ್ಲಿ ಗಿಳಿಯಾದವನೂ ಕಥೆಯೊಳಗೇ ಇರುತ್ತಾನೆ, ಅವನ ದುಃಖ ಕಡಿಮೆಯಾಗುವುದಿಲ್ಲ. ಅಜ್ಜಿಕಥೆಯ ನಿಯಮವೂ ಇದೇ.

1978ರ ಜಗನ್ಮೋಹಿನಿ

ಎನ್‌ಟಿಆರ್ ಕಾಲದ ಜಾನಪದ ಚಿತ್ರಗಳ ಅಲೆ ಇಳಿದ ಮೇಲೆ, 58ರ ವಯಸ್ಸಿನಲ್ಲಿ ವಿಠಲಾಚಾರ್ಯರು ಮೈಸೂರಿನ ದಿನಗಳ ಹೆಸರಿಗೇ ಮರಳಿದರು. ನರಸಿಂಹರಾಜು, ಜಯಮಾಲಿನಿ, ಪ್ರಭಾ ನಟಿಸಿದ ತೆಲುಗು ‘ಜಗನ್ಮೋಹಿನಿ’ 1978ರಲ್ಲಿ ಬಂತು. ದೊಡ್ಡ ತಾರೆಯರಿಲ್ಲದ ಈ ಚಿತ್ರ ಭಾರಿ ಯಶಸ್ಸು ಕಂಡಿತು, ತಮಿಳಿಗೂ ಡಬ್ ಆಯಿತು. ಮೋಸಹೋದ ಹೆಣ್ಣೊಬ್ಬಳು ದೆವ್ವವಾಗಿ ಬಂದು, ತನ್ನನ್ನು ವಂಚಿಸಿದವನನ್ನು ಹಿಂಬಾಲಿಸುವುದು, ಅವನ ಹೆಂಡತಿ ಭಕ್ತಿಯ ಬಲದಿಂದ ಅವಳನ್ನು ಎದುರಿಸುವುದು ಇದರ ಹಂದರ.

ಈ ಚಿತ್ರದ ಒಂದು ದೃಶ್ಯ ದಕ್ಷಿಣ ಭಾರತದ ಮೂರು ತಲೆಮಾರಿಗೆ ನೆನಪಿದೆ. ಮನೆಯೊಳಗೆ ಸೇರಿಕೊಂಡ ದೆವ್ವ ಅಡುಗೆಗೆ ಕೂರುತ್ತದೆ. ಒಲೆಗೆ ಸೌದೆ ಇಲ್ಲ. ತನ್ನ ಎರಡೂ ಕಾಲನ್ನು ಒಲೆಯ ಬಾಯಿಗೆ ನೀಡುತ್ತದೆ. ಕಾಲು ಕೊಳ್ಳಿಯಂತೆ ಹತ್ತಿ ಉರಿಯುತ್ತದೆ, ಮೇಲೆ ಪಾತ್ರೆ ಕುದಿಯುತ್ತದೆ.

ಈ ದೃಶ್ಯ ಯಾಕೆ ಅಷ್ಟು ನಾಟಿತು ಎಂದು ಯೋಚಿಸಬೇಕು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಸೌದೆ ಒಳಗೆ ನೂಕುತ್ತ, ಊದುಕೊಳವೆಯಲ್ಲಿ ಊದುತ್ತ, ಹೊಗೆಗೆ ಕಣ್ಣೀರಿಟ್ಟ ಹೆಂಗಸರೇ ಅಂದಿನ ಪ್ರೇಕ್ಷಕರಲ್ಲಿ ಅರ್ಧ ಜನ. ಮನೆಗಾಗಿ ಮೈ ಸುಟ್ಟುಕೊಳ್ಳುವುದು ಅವರಿಗೆ ಹೊಸ ಮಾತಲ್ಲ. ದಿನವೂ ನಡೆಯುವುದನ್ನೇ ಕಣ್ಣಿಗೆ ಕಾಣುವಂತೆ ಮಾಡಿದರೆ ಅದು ಎಷ್ಟು ಘೋರವಾಗಿರುತ್ತದೆ ಎಂದು ಈ ದೃಶ್ಯ ತೋರಿಸಿತು. ಮಕ್ಕಳು ಹೆದರಿದರು. ತಾಯಂದಿರು ಹೆದರಿದ್ದಕ್ಕಿಂತ ಹೆಚ್ಚಾಗಿ ಗುರುತು ಹಿಡಿದರು.

ಇದರ ಗೆಲುವಿನ ನಂತರ ‘ಗಂಧರ್ವ ಕನ್ಯ’ (1979), ‘ಮದನ ಮಂಜರಿ’, ಮೂರು ಆಯಾಮದಲ್ಲಿ ತೆಗೆದ ‘ಜೈ ಬೇತಾಳ’ (1985), ‘ಮೋಹಿನಿ ಶಪಥಂ’ (1986) ಬಂದವು. ವಿಠಲಾಚಾರ್ಯರು 1999ರ ಮೇ 28ರಂದು ತೀರಿಕೊಂಡರು. 2009ರಲ್ಲಿ ‘ಜಗನ್ಮೋಹಿನಿ’ ತಮಿಳಿನಲ್ಲಿ ಅದೇ ಹೆಸರಿನಿಂದ ಮತ್ತೆ ತಯಾರಾಯಿತು.

ತಂತ್ರ

ಕಂಪ್ಯೂಟರ್ ಗ್ರಾಫಿಕ್ಸ್ ಇಲ್ಲದ ಆ ಕಾಲದಲ್ಲಿ ಮಾಯಾಚಿತ್ರಗಳ ಬಹುಪಾಲು ಮಾಯೆ ಕ್ಯಾಮೆರಾದೊಳಗೇ ಹುಟ್ಟಬೇಕಿತ್ತು. ಇದಕ್ಕೆ ಸಿನಿಮಾದಷ್ಟೇ ವಯಸ್ಸು. ಫ್ರಾನ್ಸಿನ ಜಾರ್ಜ್ ಮೆಲಿಯೆ 1896ರ ಹೊತ್ತಿಗೇ ಕ್ಯಾಮೆರಾ ನಿಲ್ಲಿಸಿ, ಪಾತ್ರ ತೆಗೆದು, ಮತ್ತೆ ಓಡಿಸಿ ಮನುಷ್ಯರನ್ನು ಮಾಯ ಮಾಡಿದ್ದರು. ಭಾರತದ ಜಾನಪದ, ಪೌರಾಣಿಕ ಚಿತ್ರಗಳ ಕಸುಬುದಾರರು ಇದೇ ಉಪಾಯಗಳನ್ನು ತಮ್ಮ ಕಥೆಗೆ ಒಗ್ಗಿಸಿಕೊಂಡರು.

ಮುಖ್ಯ ಉಪಾಯಗಳು ನಾಲ್ಕು. ಒಂದು, ನಿಲ್ಲಿಸಿ ಬದಲಿಸುವುದು: ರಾಜಕುಮಾರ ಮೇಕೆಯಾಗಬೇಕಾದರೆ ಕ್ಯಾಮೆರಾ ಅಲುಗದಂತೆ ನಿಲ್ಲಿಸಿ, ನಟನ ಜಾಗದಲ್ಲಿ ಮೇಕೆ ಕಟ್ಟಿ, ನಡುವೆ ಒಂದು ಹೊಗೆಯ ಹೊಡೆತ ಸೇರಿಸಿದರೆ ಸಾಕು. ಎರಡು, ಒಂದೇ ಫಿಲ್ಮಿನ ಮೇಲೆ ಎರಡು ಬಾರಿ ಚಿತ್ರಿಸುವುದು: ಕರಿಬಟ್ಟೆಯ ಮುಂದೆ ಕುಣಿಸಿದ ಅಸ್ಥಿಪಂಜರವನ್ನು ಆಮೇಲೆ ಸ್ಮಶಾನದ ದೃಶ್ಯದ ಮೇಲೆ ಕೂರಿಸಬಹುದು, ಕರಿಬಣ್ಣ ಫಿಲ್ಮಿನ ಮೇಲೆ ಬೆಳಕು ಬೀಳಿಸುವುದಿಲ್ಲವಾದ್ದರಿಂದ ಎಲುಬಷ್ಟೇ ಕಾಣುತ್ತದೆ. ಮೂರು, ಹಿಮ್ಮುಖ ಓಟ: ಹಾರಿ ಕೆಳಗಿಳಿದದ್ದನ್ನು ತಿರುಗಿಸಿದರೆ ನೆಲದಿಂದ ಮೇಲಕ್ಕೆ ಚಿಮ್ಮಿದಂತೆ ತೋರುತ್ತದೆ. ನಾಲ್ಕು, ಪುಟ್ಟ ಪ್ರತಿಕೃತಿ: ಮೊಳದೆತ್ತರದ ಕೋಟೆಗೆ ಬೆಂಕಿ ಹಚ್ಚಿ ಕ್ಯಾಮೆರಾವನ್ನು ಹೆಚ್ಚು ವೇಗದಲ್ಲಿ ಓಡಿಸಿದರೆ, ತೆರೆಯ ಮೇಲೆ ಜ್ವಾಲೆ ನಿಧಾನವಾಗಿ ಏಳುತ್ತ ಕೋಟೆ ನಿಜವಾದಷ್ಟೇ ಭಾರವಾಗಿ ಕುಸಿಯುತ್ತದೆ. ಇವುಗಳಲ್ಲಿ ತಪ್ಪಾದರೆ ಇಡೀ ಚಿತ್ರಿಕೆ ವ್ಯರ್ಥ. ಫಿಲ್ಮು ದುಬಾರಿಯಾಗಿದ್ದ ಕಾಲದಲ್ಲಿ ಅಳತೆ, ಲೆಕ್ಕ, ತಾಳ್ಮೆ ಇದ್ದವರಿಗೆ ಮಾತ್ರ ಒಲಿಯುತ್ತಿದ್ದ ಕೆಲಸವಿದು.

ಈ ತಂತ್ರದ ಹಿಂದೆ ಕರಾವಳಿಯ ಆಟದ ನೆನಪೂ ಕಾಣುತ್ತದೆ. ಯಕ್ಷಗಾನದಲ್ಲಿ ಬಣ್ಣದ ವೇಷ ಬರುವಾಗ ದೀವಟಿಗೆಗೆ ರಾಳದ ಪುಡಿ ಎರಚಿದರೆ ಭಗ್ಗನೆ ಬೆಂಕಿ ಏಳುತ್ತದೆ, ಅದರ ನಡುವೆ ರಾಕ್ಷಸನ ಮುಖ ಕಾಣುತ್ತದೆ. ವಿಠಲಾಚಾರ್ಯರ ಮಂತ್ರವಾದಿಗಳು ಹೊಗೆ, ಬೆಂಕಿ, ಅಬ್ಬರದೊಡನೆ ತೆರೆಗೆ ಬರುವ ಬಗೆ ಇದಕ್ಕೆ ಹತ್ತಿರದ್ದು.

ಚಾಮರಾಜನಗರ–ಗುಂಡ್ಲುಪೇಟೆ ಸೀಮೆ ಮತ್ತು ಮಾಯಾಕಥನ

1997ರಲ್ಲಿ ಪ್ರತ್ಯೇಕ ಜಿಲ್ಲೆಯಾಗುವ ತನಕ ಚಾಮರಾಜನಗರ, ಗುಂಡ್ಲುಪೇಟೆಗಳು ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಮಹಾತ್ಮ ಪಿಕ್ಚರ್ಸ್ ನೆಲೆನಿಂತ ಮೈಸೂರೇ ಇವಕ್ಕೆ ಹತ್ತಿರದ ದೊಡ್ಡ ಪೇಟೆ. ಬಂಡೀಪುರದ ಕಾಡಿನಾಚೆ ತಮಿಳು, ಮಲೆಯಾಳ, ಈಚೆ ಕನ್ನಡ. ಮಾಯಾಚಿತ್ರಗಳು ಯಾವ ಬಗೆಯ ಕೇಳುಗರನ್ನು ಕಂಡವು ಎಂದು ತಿಳಿಯಲು ಈ ಸೀಮೆ ಒಳ್ಳೆಯ ಉದಾಹರಣೆ.

ಇಲ್ಲಿ ಭಯ ಮತ್ತು ಬೆರಗಿನ ಕಥೆ ಹೇಳುವುದು ರಾತ್ರಿಯಿಡೀ ನಡೆಯುವ ಕಸುಬು. ಕಂಸಾಳೆ ಹಿಡಿದ ದೇವರಗುಡ್ಡರು ಮಲೆಯ ಮಾದೇಶ್ವರನನ್ನು, ತಂಬೂರಿ ಹಿಡಿದ ನೀಲಗಾರರು ಮಂಟೇಸ್ವಾಮಿ, ಸಿದ್ದಪ್ಪಾಜಿಯರನ್ನು ಹಾಡುತ್ತಾರೆ. ಮಾದೇಶ್ವರನ ಕಾವ್ಯದಲ್ಲಿ ಹುಲಿ ವಾಹನವಾಗುತ್ತದೆ, ದೇವತೆಗಳನ್ನೇ ಸೆರೆಯಿಟ್ಟ ಶ್ರವಣ ದೊರೆಯ ಸಂಹಾರವಾಗುತ್ತದೆ. ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿದ ‘ಮಲೆಯ ಮಾದೇಶ್ವರ’ 1973ರಲ್ಲಿ ಅಚ್ಚಾದಾಗ ಈ ಲೋಕದ ವಿಸ್ತಾರ ಓದುವವರಿಗೂ ಕಂಡಿತು. ಅದರ ‘ಸಂಕಮ್ಮನ ಸಾಲು’ ಎಂಬ ಭಾಗ ನಮ್ಮ ಭಯಾನಕ ಕಥನದ ಶಿಖರಗಳಲ್ಲೊಂದು. ಕಾಡಿಗೆ ಹೊರಟ ಗಂಡ ನೀಲೇಗೌಡ ಹೆಂಡತಿಯನ್ನು ನಂಬದೆ ಭಾಷೆ ಕೇಳುತ್ತಾನೆ. ಅವಳು ಕೊಡದಿದ್ದಾಗ ಹಿಂಸಿಸಿ, ನಡುಕಾಡಿನ ಗುಡಿಸಲಲ್ಲಿ ಒಬ್ಬಳನ್ನೇ ಕೂಡಿಹಾಕುತ್ತಾನೆ. ಅಲ್ಲಿ ಮಾದೇಶ್ವರ ಬಂದು ಅವಳ ನೆರವಿಗೆ ನಿಲ್ಲುತ್ತಾನೆ. ಈ ಸಾಲಿನಲ್ಲಿ ಕೇಳುಗರ ಮೈ ನಡುಗಿಸುವುದು ಕಾಡಿನ ಮೃಗವಲ್ಲ, ಗಂಡನ ಸಂಶಯ.

ವಿಠಲಾಚಾರ್ಯರು ಈ ಕಾವ್ಯಗಳನ್ನು ಚಿತ್ರವಾಗಿಸಲಿಲ್ಲ. ಆದರೆ ಅನ್ಯಾಯಕ್ಕೆ ಸಿಕ್ಕ ಹೆಣ್ಣು, ಮನುಷ್ಯಶಕ್ತಿಗೆ ಮೀರಿದ ಪರಿಹಾರ, ಎದುರಿನಲ್ಲಿ ಕೂತ ನಂಬುವ ಜನ, ಈ ಮೂರೂ ಎರಡು ಕಡೆಯೂ ಒಂದೇ. ಅವರು ಹುಟ್ಟಿದ ತುಳುನಾಡಿನಲ್ಲೂ ಹೀಗೆಯೇ. ಅಣ್ಣ ಕಲ್ಕುಡನ ಕೈಕಾಲು ಕಡಿಸಿದ ಅರಸನ ಮೇಲೆ ಸೇಡು ತೀರಿಸಿದ ಕಲ್ಲುರ್ಟಿ ಅಲ್ಲಿ ದೈವವಾಗಿ ಪೂಜೆಗೊಳ್ಳುತ್ತಾಳೆ. ನೊಂದು ಸತ್ತವರು ಸುಮ್ಮನಾಗುವುದಿಲ್ಲ ಎಂಬುದು ಕರಾವಳಿಯಿಂದ ಗುಂಡ್ಲುಪೇಟೆಯ ಕಾಡಂಚಿನವರೆಗೆ ಕನ್ನಡ ನೆಲದ ಹಳೆಯ ನಂಬಿಕೆ.

ಈ ಸೀಮೆಗೂ ವಿಠಲಾಚಾರ್ಯರಿಗೂ ನೇರವಾದ ಕೊಂಡಿ ನಟ ರಾಜ್‌ಕುಮಾರ್. ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಊರು ಕೊಳ್ಳೇಗಾಲದ ಕಡೆಯದು. ರಾಜ್‌ಕುಮಾರ್ ಅವರ ಹುಟ್ಟೂರು ಗಾಜನೂರು, ಇಂದು ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ಚಾಮರಾಜನಗರಕ್ಕೆ ಅಂಟಿಕೊಂಡ ಕನ್ನಡ ನೆಲ. ‘ಬಂದಿಪೋಟು’ ಕಥೆಯನ್ನೇ ವಿಠಲಾಚಾರ್ಯರು 1963ರಲ್ಲಿ ಕನ್ನಡದಲ್ಲಿ ‘ವೀರಕೇಸರಿ’ಯಾಗಿ ತೆಗೆದಾಗ ರಾಜ್‌ಕುಮಾರ್ ನಾಯಕ, ಲೀಲಾವತಿ ನಾಯಕಿ. ತೆಲುಗಿನಲ್ಲಿ ಎನ್‌ಟಿಆರ್, ಕನ್ನಡದಲ್ಲಿ ರಾಜ್‌ಕುಮಾರ್: ಎರಡು ಭಾಷೆಗಳ ಮೇರು ನಟರನ್ನು ಒಂದೇ ಕಥೆಯಲ್ಲಿ ನಿರ್ದೇಶಿಸಿದ ಭಾಗ್ಯ ಅವರದಾಯಿತು. 1966ರಲ್ಲಿ ರಾಜ್‌ಕುಮಾರ್ ಬೇರೆಯವರು ನಿರ್ದೇಶಿಸಿದ ಮಾಯಾಚಿತ್ರ ‘ಬಾಲನಾಗಮ್ಮ’ದಲ್ಲೂ ನಟಿಸಿದರು. ರಾಣಿಯನ್ನು ಹೊತ್ತೊಯ್ಯುವ ಮಾಂತ್ರಿಕನ ಆ ಕಥೆ ಆಂಧ್ರದ ಹಾಡುಕಥೆಗಳಿಂದ ಬಂದದ್ದು.

ವಿಮರ್ಶೆ

ವಿಠಲಾಚಾರ್ಯರ ಚಿತ್ರಗಳನ್ನು ಬಹುಕಾಲ ವಿಮರ್ಶಕರು ಗಂಭೀರವಾಗಿ ನೋಡಲಿಲ್ಲ. ಮೂಢನಂಬಿಕೆ ಬೆಳೆಸುತ್ತವೆ, ಸೆಟ್ಟುಗಳು ಕೃತಕ, ಕಥೆ ಮತ್ತೆ ಮತ್ತೆ ಅದೇ ಎಂಬುದು ಆಕ್ಷೇಪ. ಕೊನೆಯ ಮಾತು ನಿಜ, ಆದರೆ ಜಾನಪದ ಕಥೆ ಇರುವುದೇ ಮತ್ತೆ ಮತ್ತೆ ಹೇಳುವುದಕ್ಕೆ. ಮಾದೇಶ್ವರನ ಕಥೆ ಹೇಗೆ ಮುಗಿಯುತ್ತದೆಂದು ತಿಳಿದೇ ಜನ ರಾತ್ರಿಯೆಲ್ಲ ಕೂರುತ್ತಾರೆ.

ಹೆಚ್ಚು ತೂಕದ ಆಕ್ಷೇಪ ಬೇರೆಯದು. ಇವರ ಚಿತ್ರಗಳು ಹೆಣ್ಣನ್ನು ಪತಿವ್ರತೆ, ಮೋಹಿನಿ ಎಂದು ಎರಡಾಗಿ ಸೀಳುತ್ತವೆ. ಮೋಸಹೋದವಳು ದೆವ್ವವಾಗಿ ಶಿಕ್ಷೆ ಅನುಭವಿಸುತ್ತಾಳೆ. ಮೋಸಮಾಡಿದವನಿಗೆ ಹೆಂಡತಿಯ ಪೂಜೆಯಿಂದ ಬಿಡುಗಡೆ ಸಿಗುತ್ತದೆ. 1978ರ ನಂತರದ ಚಿತ್ರಗಳಲ್ಲಿ ಕ್ಯಾಮೆರಾ ಮೋಹಿನಿಯ ನೋವಿಗಿಂತ ಅವಳ ಮೈಯನ್ನೇ ಹೆಚ್ಚು ನೋಡುತ್ತದೆ. ಇದು ಅವರ ಕೆಲಸದ ದೊಡ್ಡ ಕೊರತೆ, ಮುಚ್ಚಿಡಬೇಕಾದ್ದಲ್ಲ. ಹಾಗಿದ್ದರೂ ಪ್ರೇಕ್ಷಕರ ನೆನಪಿನಲ್ಲಿ ಉಳಿದವಳು ಮೋಹಿನಿಯೇ, ನಾಯಕನ ಹೆಸರು ಅನೇಕರಿಗೆ ಮರೆತಿದೆ. ಕಥೆ ಅವಳನ್ನು ಸೋಲಿಸಿದರೂ ಅವಳ ದೂರು ಸರಿಯಾದದ್ದೇ ಎಂದು ನೋಡಿದವರು ತಮ್ಮೊಳಗೆ ಒಪ್ಪಿದ್ದರು.

ಪರಂಪರೆ

ಶಂಕರಸಿಂಗ್ ಅವರ ಮಗ ಎಸ್.ವಿ. ರಾಜೇಂದ್ರಸಿಂಗ್ ಬಾಬು 1975ರಲ್ಲಿ ತಮ್ಮ ಮೊದಲ ಚಿತ್ರವಾಗಿ ‘ನಾಗಕನ್ಯೆ’ ತೆಗೆದರು. ಮಹಾತ್ಮದ ಹಾವಿನ ಕಥೆ ಮುಂದಿನ ತಲೆಮಾರಿಗೆ ದಾಟಿತು. 1979ರ ‘ನಾ ನಿನ್ನ ಬಿಡಲಾರೆ’ ದೆವ್ವವನ್ನು ರಾಜಮಹಾರಾಜರ ಕಾಲದಿಂದ ಇಂದಿನ ಮನೆಯೊಳಗೆ ತಂದಿತು. ತೆಲುಗಿನಲ್ಲಿ ಕೋಡಿ ರಾಮಕೃಷ್ಣ ‘ಅಮ್ಮೋರು’ (1995), ‘ಅರುಂಧತಿ’ (2009) ಚಿತ್ರಗಳಲ್ಲಿ ಇದೇ ದಾರಿಯನ್ನು ಕಂಪ್ಯೂಟರ್ ಗ್ರಾಫಿಕ್ಸಿನ ಬಲದಿಂದ ಮುಂದುವರಿಸಿದರು. ಕನ್ನಡದಲ್ಲಿ 2004ರ ‘ಆಪ್ತಮಿತ್ರ’ದ ನಾಗವಲ್ಲಿ ಅರಸನಿಂದ ಹಿಂಸೆಗೊಂಡ ನರ್ತಕಿ. 2016ರ ‘ಯು ಟರ್ನ್’ನಲ್ಲಿ ರಸ್ತೆಯಲ್ಲಿ ಅನ್ಯಾಯವಾಗಿ ಸತ್ತ ತಾಯಿ ಮರಳಿ ಬರುತ್ತಾಳೆ. ಇವರೆಲ್ಲ ಕಾಲ, ಉಡುಗೆ, ತಂತ್ರ ಬದಲಾದರೂ ಒಂದೇ ಬಳಗದವರು.

ಕನ್ನಡ ಚಿತ್ರಚರಿತ್ರೆಯಲ್ಲಿ ವಿಠಲಾಚಾರ್ಯರಿಗೆ ಸಿಕ್ಕಿರುವ ಜಾಗ ಚಿಕ್ಕದು. ತೆಲುಗಿಗೆ ಹೋದವರು ಎಂದು ನಾವು ಅವರನ್ನು ಬಿಟ್ಟುಕೊಟ್ಟಂತಿದೆ. ಆದರೆ ಅವರ ಮೋಹಿನಿ ಮದರಾಸಿನಲ್ಲಿ ಹುಟ್ಟಿದವಳಲ್ಲ. 1978ರಲ್ಲಿ ಒಲೆಗೆ ಕಾಲು ನೀಡಿದವಳ ಹೆಸರು 1951ರಲ್ಲೇ ಮೈಸೂರಿನ ಗೆಳೆಯರ ಚಿತ್ರದ ಮೇಲಿತ್ತು. ಅವಳ ಭಾಷೆ ಬದಲಾಯಿತು, ಒಲೆ ಮಾತ್ರ ನಮ್ಮ ಹಿತ್ತಲ ಮನೆಯದೇ.